ಡಿಎನ್‌ಎ ಕೈಯಲ್ಲಿ ಬಣ್ಣ ಬರಿಸಿ ಪ್ರತಿಕಾಯ ಪತ್ತೆ ಮಾಡುವುದು ಹೇಗೆ?

ರಕ್ತದಲ್ಲಿ ಪ್ರತಿಕಾಯ (ರೋಗಾಣುವಿನ ವಿರುದ್ಧ ದೇಹ ತಯಾರಿಸುವ ಪ್ರೋಟೀನ್) ಇದೆಯೇ ಎಂದು ಬಣ್ಣದಿಂದ ತಿಳಿಸುವ ಎಲೈಸಾ ಪರೀಕ್ಷೆಯಲ್ಲಿ ಬಣ್ಣ ಬರಿಸುವುದು ಸಾಮಾನ್ಯವಾಗಿ ಹಾರ್ಸ್‌ರ್‍ಯಾಡಿಷ್ ಗಿಡದ ಬೇರಿನಿಂದ ತೆಗೆದ ಪೆರಾಕ್ಸಿಡೇಸ್ ಕಿಣ್ವ. ಅದೇ ಕೆಲಸವನ್ನು ಲ್ಯಾಬಿನಲ್ಲಿ ತಯಾರಿಸಿದ ಡಿಎನ್‌ಎ ಎಳೆಯಿಂದಲೂ ಮಾಡಿಸಬಹುದು. ಇಂಥ ಎಳೆಗೆ ಡಿಎನ್‌ಎಝೈಮ್ ಎನ್ನುತ್ತಾರೆ. ಮೂಲ ಕಿಣ್ವದಷ್ಟು ಚುರುಕಲ್ಲ, ನಿಜ. ಆದರೆ ಬಿಸಿಗೆ ಅಷ್ಟು ಸುಲಭವಾಗಿ ಕೆಡುವುದಿಲ್ಲ.

ಮೊದಲು ಎಳೆಯ ಆಯ್ಕೆ. ಪಿಎಸ್2.ಎಂ ಎಂಬ 18 ಅಕ್ಷರಗಳ (ಎ, ಟಿ, ಜಿ, ಸಿ ಎಂಬ ಡಿಎನ್‌ಎ ಘಟಕಗಳ) ಎಳೆ ತುಂಬ ಬಳಕೆಯಲ್ಲಿದೆ. ಅದರಲ್ಲಿ 'ಜಿ' ಅಕ್ಷರವೇ ಜಾಸ್ತಿ. ಆಮ್ಲೀಯತೆ ಬದಲಾಗದಂತೆ ಕಾಯುವ, ಪೊಟ್ಯಾಸಿಯಂ ಇರುವ ಬಫರ್‌ಗೆ ಹಾಕಿದರೆ ಎಳೆ ಮಡಚಿಕೊಂಡು, ನಾಲ್ಕು ನಾಲ್ಕು ಜಿ ಸೇರಿ ಚೌಕಗಳಾಗಿ ಒಂದರ ಮೇಲೊಂದು ಕೂರುತ್ತವೆ. ಆ ಚೌಕದ ಮೇಲೆ ಹೆಮಿನ್ (ಕಬ್ಬಿಣವಿರುವ ಒಂದು ಸಣ್ಣ ಅಣು) ಅಂಟಿಕೊಂಡಾಗ ಪೆರಾಕ್ಸಿಡೇಸ್ ಗುಣ, ಅಂದರೆ ಹೈಡ್ರೋಜನ್ ಪೆರಾಕ್ಸೈಡ್ ಬಳಸಿ ಬಣ್ಣ ಬರಿಸುವ ಗುಣ, ಬರುತ್ತದೆ. ಇದು 1998ರಲ್ಲಿ ವರದಿಯಾದ ಸಂಗತಿ.

ಈಗ ಪ್ಲೇಟ್, ಅಂದರೆ ಸಾಲುಸಾಲು ಸಣ್ಣ ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆ. ಗುಳಿಗಳ ತಳಕ್ಕೆ ರೋಗಾಣುವಿನ ಪ್ರೋಟೀನ್ ಅಂಟಿಸಿ. ಖಾಲಿ ಉಳಿದ ಜಾಗವನ್ನು, ಬೇರೇನೂ ಅಂಟದಂತೆ, ದನದ ರಕ್ತದ ಪ್ರೋಟೀನ್ ಆದ ಬಿಎಸ್‌ಎಯಿಂದ ಮುಚ್ಚಿ. ತೆಳು ಮಾಡಿದ ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ಹಾಕಿ, ಕಾದು, ತೊಳೆಯಿರಿ. ಪ್ರತಿಕಾಯ ಇದ್ದರೆ ಅಲ್ಲೇ ಕಚ್ಚಿಕೊಂಡಿರುತ್ತದೆ. ಅದನ್ನು ಹಿಡಿಯುವ ಎರಡನೇ ಪ್ರತಿಕಾಯಕ್ಕೆ ನಮ್ಮ ಎಳೆಯನ್ನು ಒಂದಕ್ಕೊಂದು ಗಟ್ಟಿಯಾಗಿ ಅಂಟುವ ಬಯೋಟಿನ್–ಸ್ಟ್ರೆಪ್ಟಾವಿಡಿನ್ ಜೋಡಿಯ ಮೂಲಕ ಕಟ್ಟಿ, ಗುಳಿಗೆ ಹಾಕಿ, ಮತ್ತೆ ತೊಳೆಯಿರಿ.

ಆಮೇಲೆ ಹೆಮಿನ್. ಎಡವಟ್ಟಾಗುವುದು ಹೆಚ್ಚಾಗಿ ಇಲ್ಲೇ. ನೀರಿನಲ್ಲಿ ಅದು ಗಂಟುಗಂಟಾಗುತ್ತದೆ, ಹಾಗಾಗಿ ಸಾವಯವ ದ್ರಾವಕವಾದ ಡಿಎಂಎಸ್‌ಒದಲ್ಲಿ ಕರಗಿಸಿ ಕತ್ತಲಲ್ಲಿಡಿ. ಬಳಸುವಾಗ ಸ್ವಲ್ಪ ಟ್ರೈಟನ್ ಎಕ್ಸ್-100 (ಸಾಬೂನಿನಂಥ ರಾಸಾಯನಿಕ) ಇರುವ ಪೊಟ್ಯಾಸಿಯಂ ಬಫರ್‌ನಲ್ಲಿ ತೆಳು ಮಾಡಿ. ಇನ್ನೊಂದು ತಲೆನೋವಿದೆ: ಎಳೆ ಇಲ್ಲದಿದ್ದರೂ ಹೆಮಿನ್ ತಾನೇ ಅಷ್ಟಿಷ್ಟು ಬಣ್ಣ ಬರಿಸುತ್ತದೆ. ಸುಮ್ನೆ ಜಾಸ್ತಿ ಸುರಿದರೆ ಎಲ್ಲ ಗುಳಿಯೂ ಹಸಿರಾಗಿ ಕೂರುತ್ತದೆ, ಆಗ ಏನು ಗೊತ್ತಾಗುತ್ತೆ? ಆದ್ದರಿಂದ ಹೆಮಿನ್ ಮಾತ್ರ ಇರುವ ಗುಳಿ, ಪ್ರತಿಕಾಯ ಇಲ್ಲವೆಂದು ಖಚಿತವಾಗಿರುವ ಸೀರಂನ ಗುಳಿ, ಎರಡನ್ನೂ ಪಕ್ಕದಲ್ಲೇ ನಡೆಸಿ. ಕೆಂಪುರಕ್ತಕಣ ಒಡೆದ ಸೀರಂ ಬೇಡ, ಹಿಮೋಗ್ಲೋಬಿನ್ ಕೂಡ ಇದೇ ಆಟ ಆಡುತ್ತದೆ.

ಕೊನೆಗೆ ಬಣ್ಣ ತಾಳುವ ರಾಸಾಯನಿಕವಾದ ಎಬಿಟಿಎಸ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಹಾಕಿ. ಡಿಎನ್‌ಎ ಇದ್ದಲ್ಲಿ ದ್ರಾವಣ ನೀಲಿ ಬೆರೆತ ಹಸಿರಾಗುತ್ತದೆ. ಬಣ್ಣ ನಿಧಾನವಾಗಿ ಮಾಸುತ್ತದೆ, ಆದ್ದರಿಂದ ಎಲ್ಲ ಗುಳಿಗಳನ್ನೂ ಒಂದೇ ಹೊತ್ತಿಗೆ ಓದಬೇಕು. ಕಣ್ಣಳತೆ ಸಾಲದಿದ್ದರೆ ಬಣ್ಣದ ಗಾಢತೆ ಅಳೆಯುವ ರೀಡರ್‌ನಲ್ಲಿ 420 ನ್ಯಾನೊಮೀಟರ್ ತರಂಗಾಂತರದ ಸುಮಾರಿಗೆ ನೋಡಿ. ಬಣ್ಣ ತೀರಾ ಮಂಕಾಗಿದ್ದರೆ ಉಂಗುರದಂಥ ಡಿಎನ್‌ಎಯನ್ನು ಮತ್ತೆ ಮತ್ತೆ ನಕಲು ಮಾಡುವ ರೋಲಿಂಗ್ ಸರ್ಕಲ್ ವಿಧಾನದಲ್ಲಿ ಅದೇ ಎಳೆಯ ನೂರಾರು ಪ್ರತಿಗಳನ್ನು ಸಾಲಾಗಿ ಬೆಳೆಸಬಹುದು.

ಪ್ರತಿಕಾಯ ಇದೆ ಎನ್ನಲು ಗಡಿ ಎಲ್ಲಿ ಹಾಕುವುದು? ಪ್ರತಿಕಾಯವಿಲ್ಲದ ಹಲವು ಸೀರಂಗಳ ಸರಾಸರಿಗೆ ಅವುಗಳ ಪ್ರಮಾಣ ವಿಚಲನೆಯ (ಅಳತೆಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ) ಮೂರು ಪಟ್ಟು ಸೇರಿಸುವುದು ವಾಡಿಕೆ. ಅದಕ್ಕಿಂತ ಮೇಲೆ ಬಂದರೆ ಪಾಸಿಟಿವ್. ಗಡಿಯ ಅಕ್ಕಪಕ್ಕ ತೂಗಾಡುವುದನ್ನು ಇನ್ನೊಮ್ಮೆ ಪರೀಕ್ಷಿಸಬೇಕು.