ಮಡಿಕೇರಿಯ ಎತ್ತರಕ್ಕೆ ಒಗ್ಗುವ ಟರ್ಬೊ: ಕೊಳ್ಳುವ ಮೊದಲು ಹಾಕಬೇಕಾದ ಲೆಕ್ಕ

ಕಾರಿಗೆ ದೊಡ್ಡ ಟರ್ಬೊ (ಎಂಜಿನ್ನಿನ ಹೊಗೆಯ ರಭಸದಿಂದ ತಿರುಗಿ ಒಳಗೆ ಹೆಚ್ಚು ಗಾಳಿ ಒತ್ತುವ ಸಾಧನ) ಹಾಕಿಸಲು ಹೊರಟವರು ಮೊದಲು ಕೇಳುವುದು ಎಷ್ಟು ಅಶ್ವಶಕ್ತಿ ಬರುತ್ತದೆ ಎಂದು. ಕೊಡಗಿನಲ್ಲಿ ಮೊದಲು ಕೇಳಬೇಕಾದ್ದು ಗಾಳಿ ಎಷ್ಟಿದೆ ಎಂದು. ಮಂಗಳೂರಿನಲ್ಲಿ 1.01 ಬಾರ್ ಇರುವ ವಾಯುಭಾರ, ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ 0.88 ಬಾರ್‌ಗೆ ಇಳಿದಿರುತ್ತದೆ. ಅದೇ ಬೂಸ್ಟ್ (ಹೊರಗಿನ ವಾಯುಭಾರದ ಮೇಲೆ ಟರ್ಬೊ ಸೇರಿಸುವ ಒತ್ತಡ) ಕೊಡಲು ಟರ್ಬೊ ಇಲ್ಲಿ ಇನ್ನಷ್ಟು ಜೋರಾಗಿ ತಿರುಗಬೇಕು, ಗಾಳಿಯೂ ಇನ್ನಷ್ಟು ಬಿಸಿಯಾಗುತ್ತದೆ. ಕರಾವಳಿಯಲ್ಲಿ ತೊಂದರೆ ಕೊಡದ ಜೋಡಣೆ ಘಟ್ಟದ ಮೇಲೆ ಕೈಕೊಡಲು ಇದೇ ಮುಖ್ಯ ಕಾರಣ.

ಕಾರು ಓಡುವುದು ಎಲ್ಲಿ ಎಂಬುದನ್ನೂ ಮೊದಲೇ ತೀರ್ಮಾನಿಸಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ವಿವರಕ್ಕೆ ಹೊಂದದ ಮಾರ್ಪಾಡನ್ನು ಒಪ್ಪುವುದಿಲ್ಲ. 182ಎ ಕಲಂ ಪ್ರಕಾರ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ತಿಳಿಸದೆ ಮಾಡಿದ ಬದಲಾವಣೆಯಿಂದ ವಿಮೆಯ ಕ್ಲೇಮ್ ತಿರಸ್ಕೃತವಾಗುವ ಸಾಧ್ಯತೆಯೂ ಇದೆ. ಗೋಣಿಕೊಪ್ಪಲು ಕಡೆಯ ಆಟೋಕ್ರಾಸ್ ಟ್ರ್ಯಾಕ್‌ಗೆಂದೇ ಇಟ್ಟ ಕಾರಿನ ಮಾತು ಬೇರೆ. ಮಕ್ಕಳನ್ನು ಶಾಲೆಗೆ ಬಿಡುವ ಕಾರಿಗೆ ಈ ಕೆಲಸ ಬೇಡ.

ಹಂತ 1: ಗೇರ್‌ಬಾಕ್ಸ್‌ನಿಂದ ಹಿಂದಕ್ಕೆ ಲೆಕ್ಕ ಹಾಕಿ

ಗುರಿಯನ್ನು ಟರ್ಬೊ ಹೇಳಬಾರದು, ಕಾರಿನಲ್ಲಿ ಎಲ್ಲಕ್ಕಿಂತ ದುರ್ಬಲವಾದ ಭಾಗ ಹೇಳಬೇಕು. ಸ್ಕೋಡಾದ 1.8 ಟಿಎಸ್‌ಐ ಪೆಟ್ರೋಲ್ ಆಕ್ಟೇವಿಯಾದ ಏಳು ಗೇರಿನ ಡ್ರೈ ಕ್ಲಚ್ ಡಿಎಸ್‌ಜಿ (ಎರಡು ಕ್ಲಚ್‌ನ ಆಟೋಮ್ಯಾಟಿಕ್ ಗೇರ್‌ಬಾಕ್ಸ್) ನೋಡಿ. ಅದು ತಡೆಯುವ ಟಾರ್ಕ್‌ನ (ತಿರುಗಿಸುವ ಬಲದ) ಮಿತಿ 250 ನ್ಯೂಟನ್ ಮೀಟರ್, ಕಂಪನಿ ಎಂಜಿನ್ ಕೊಡುವುದೂ ಅಷ್ಟೇ. ಅಲ್ಲಿ ದೊಡ್ಡ ಟರ್ಬೊ ಹಾಕಿದರೆ ಮೊದಲು ಸುಡುವುದು ಕ್ಲಚ್ ಪ್ಯಾಕ್. ಮ್ಯಾನುಯಲ್ ಕಾರಾದರೆ ಗುರಿಯ ಟಾರ್ಕ್‌ಗಿಂತ ಕನಿಷ್ಠ ಶೇ 20 ಹೆಚ್ಚು ತಡೆಯುವ ಕ್ಲಚ್ ಇರಲಿ.

ಎಂಜಿನ್ನಿನ ಆರೋಗ್ಯವನ್ನೂ ಈಗಲೇ ನೋಡಿ. ಕಂಪ್ರೆಷನ್ ಟೆಸ್ಟ್‌ನಲ್ಲಿ ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಶೇ 10 ದಾಟಿದ್ದರೆ ಟರ್ಬೊ ದುಡ್ಡನ್ನು ಎಂಜಿನ್ ಕೆಲಸಕ್ಕೇ ಹಾಕುವುದು ಲೇಸು.

ಹಂತ 2: ಕಂಪ್ರೆಸರ್ ಮ್ಯಾಪ್ ಮೇಲೆ ಮಡಿಕೇರಿಯನ್ನು ಗುರುತಿಸಿ

ಸಾಮಾನ್ಯವಾಗಿ ಬಿಟ್ಟುಹೋಗುವುದು ಈ ಹಂತವೇ. ಕಂಪ್ರೆಸರ್ ಎಂದರೆ ಟರ್ಬೊದಲ್ಲಿ ಗಾಳಿ ಒತ್ತುವ ಭಾಗ; ಅದು ಎಷ್ಟು ಹರಿವು, ಎಷ್ಟು ಒತ್ತಡದಲ್ಲಿ ಸರಿಯಾಗಿ ಕೆಲಸ ಮಾಡುತ್ತದೆ ಎಂದು ತೋರಿಸುವ ನಕ್ಷೆಯೇ ಮ್ಯಾಪ್. 1.8 ಲೀಟರ್ ಎಂಜಿನ್, 6,000 ಆರ್‌ಪಿಎಂ, 1 ಬಾರ್ ಬೂಸ್ಟ್ ಎಂದಿಟ್ಟುಕೊಳ್ಳಿ. ನಾಲ್ಕು ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೆ ಒಮ್ಮೆ ಗಾಳಿ ಎಳೆಯುವುದರಿಂದ ನಿಮಿಷಕ್ಕೆ 5,400 ಲೀಟರ್. ಸಿಲಿಂಡರ್ ತುಂಬುವ ಪ್ರಮಾಣ ಶೇ 95 ಎಂದರೆ 5,130 ಲೀಟರ್. ಮ್ಯಾನಿಫೋಲ್ಡ್‌ನಲ್ಲಿ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆ) ವಾಯುಭಾರ 0.88, ಬೂಸ್ಟ್ 1 ಸೇರಿ ಒಟ್ಟು ಒತ್ತಡ 1.88 ಬಾರ್, ಇಂಟರ್‌ಕೂಲರ್ (ಒತ್ತಿದ ಗಾಳಿಯನ್ನು ತಂಪಾಗಿಸುವ ಭಾಗ) ದಾಟಿದ ಗಾಳಿಯ ಬಿಸಿ 45 ಡಿಗ್ರಿ ಇದ್ದರೆ ಪ್ರತಿ ಘನ ಮೀಟರ್ ಗಾಳಿಯ ತೂಕ 2.06 ಕೆ.ಜಿ. ಗುಣಿಸಿದರೆ ನಿಮಿಷಕ್ಕೆ ಸುಮಾರು 10.6 ಕೆ.ಜಿ., ಅಂದರೆ 23.3 ಪೌಂಡ್. ಪೌಂಡಿಗೆ ಹತ್ತು ಅಶ್ವಶಕ್ತಿಯ ರೂಢಿಯ ಲೆಕ್ಕದಲ್ಲಿ 230ರ ಆಸುಪಾಸು.

ಇನ್ನು ಪ್ರೆಷರ್ ರೇಶಿಯೊ, ಅಂದರೆ ಕಂಪ್ರೆಸರ್‌ನಿಂದ ಹೊರಬರುವ ಒತ್ತಡವನ್ನು ಒಳಹೋಗುವ ಒತ್ತಡದಿಂದ ಭಾಗಿಸಿದ್ದು. ಇಂಟರ್‌ಕೂಲರ್‌ನಲ್ಲಿ 0.1 ಬಾರ್, ಏರ್ ಫಿಲ್ಟರ್‌ನಲ್ಲಿ 0.02 ಬಾರ್ ನಷ್ಟ ಹಿಡಿಯಿರಿ. ಮಡಿಕೇರಿಯಲ್ಲಿ 1.98ನ್ನು 0.86ರಿಂದ ಭಾಗಿಸಿದರೆ 2.30. ಮಂಗಳೂರಿನಲ್ಲಿ ಇದೇ ಲೆಕ್ಕ 2.13. ಶೇ 70 ದಕ್ಷತೆಯ ಕಂಪ್ರೆಸರ್‌ಗೆ 25 ಡಿಗ್ರಿ ಗಾಳಿ ಹೋದರೆ ಮಂಗಳೂರಿನಲ್ಲಿ 128 ಡಿಗ್ರಿಯಾಗಿ ಹೊರಬರುತ್ತದೆ, ಮಡಿಕೇರಿಯಲ್ಲಿ 139.

ಟರ್ಬೊ ತಯಾರಿಸುವ ಗ್ಯಾರೆಟ್ ಕಂಪನಿಯ ಮ್ಯಾಪ್‌ಗಳು 0.96 ಬಾರ್ ಒತ್ತಡಕ್ಕೆ ತಿದ್ದಿದ ಹರಿವನ್ನು ತೋರಿಸುತ್ತವೆ. ಹಾಗಾಗಿ 23.3ನ್ನು 0.96ರಿಂದ ಗುಣಿಸಿ 0.86ರಿಂದ ಭಾಗಿಸಿ; ನೀವು ಚುಕ್ಕೆ ಇಡಬೇಕಾದ್ದು 23ರ ಮೇಲಲ್ಲ, 26 ಪೌಂಡಿನ ಮೇಲೆ. ಈ ತಿದ್ದುಪಡಿ ಬಿಟ್ಟರೆ ಮ್ಯಾಪ್‌ನ ನಡುವೆ ಇದೆ ಎಂದುಕೊಂಡ ಟರ್ಬೊ ನಿಜಕ್ಕೂ ಬಲಗಡೆಯ ಚೋಕ್ ಗೆರೆಗೆ ತಾಗಿಕೊಂಡಿರಬಹುದು. ಅಲ್ಲಿ ಗಾಳಿ ಹೆಚ್ಚುವುದಿಲ್ಲ, ಬಿಸಿ ಮಾತ್ರ ಹೆಚ್ಚುತ್ತದೆ. ಗರಿಷ್ಠ ವೇಗದ ಗೆರೆಯಿಂದ ಶೇ 10 ಆದರೂ ಅಂತರ ಉಳಿಸಿಕೊಳ್ಳಿ.

ಎರಡನೇ ಚುಕ್ಕೆ 2,500 ಆರ್‌ಪಿಎಂನದು: ತಿದ್ದಿದ ಹರಿವು ಸುಮಾರು 10 ಪೌಂಡ್, ರೇಶಿಯೊ 2.2. ಅದು ಎಡಗಡೆಯ ಸರ್ಜ್ ಗೆರೆಯ ಆಚೆ ಬಿದ್ದರೆ ಟರ್ಬೊ ಈ ಎಂಜಿನ್ನಿಗೆ ದೊಡ್ಡದಾಯಿತು. ಗಾಳಿ ಹಿಂದಕ್ಕೂ ಮುಂದಕ್ಕೂ ಹೊಡೆದು, ಶಾಫ್ಟ್ ಹಿಂದೆ ಮುಂದೆ ಸರಿಯದಂತೆ ಹಿಡಿಯುವ ಥ್ರಸ್ಟ್ ಬೇರಿಂಗ್ ಸವೆಯುತ್ತದೆ. ಸಂಪಾಜೆ, ಮಾಕುಟ್ಟ ಘಟ್ಟಗಳ ತಿರುವಿನಿಂದ ಎದ್ದು ಬರುವಾಗ ಕಾರು ಇರುವುದೇ ಈ ಆರ್‌ಪಿಎಂನಲ್ಲಿ. ಎರಡು ಟರ್ಬೊಗಳ ನಡುವೆ ಅನುಮಾನ ಬಂದರೆ ಇಲ್ಲಿನ ರಸ್ತೆಗೆ ಚಿಕ್ಕದನ್ನೇ ಆರಿಸಿ. ಕೊನೆಯ 20 ಅಶ್ವಶಕ್ತಿಗಿಂತ ಬೇಗ ಸಿಗುವ ಪಿಕ್‌ಅಪ್ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಹಂತ 3: ಪೆಟ್ರೋಲ್, ಪ್ಲಗ್, ಟ್ಯೂನಿಂಗ್

ಪೋರ್ಟ್ ಇಂಜೆಕ್ಷನ್ (ಸಿಲಿಂಡರಿನ ಹೊರಗೇ ಪೆಟ್ರೋಲ್ ಚಿಮ್ಮಿಸುವ) ಎಂಜಿನ್ನಾದರೆ 230 ಅಶ್ವಶಕ್ತಿಗೆ, ಶೇ 85ರ ಡ್ಯೂಟಿ (ಇಂಜೆಕ್ಟರ್ ತೆರೆದಿರುವ ಸಮಯದ ಪಾಲು) ಮೀರದಂತೆ, ನಾಲ್ಕರಲ್ಲಿ ಒಂದೊಂದು ಇಂಜೆಕ್ಟರ್ ನಿಮಿಷಕ್ಕೆ 430 ಸಿಸಿ ಕೊಡಬೇಕು. ನೇರ ಇಂಜೆಕ್ಷನ್ ಎಂಜಿನ್ನುಗಳಲ್ಲಿ ಹೈ ಪ್ರೆಷರ್ ಪಂಪ್‌ನ ಸಾಮರ್ಥ್ಯವನ್ನೂ ನೋಡಬೇಕು. ಪ್ಲಗ್ ಒಂದು ಹಂತ ತಣ್ಣನೆಯದು (ಬಿಸಿಯನ್ನು ಬೇಗ ಬಿಟ್ಟುಕೊಡುವುದು), ಗ್ಯಾಪ್ 0.6ರಿಂದ 0.7 ಮಿ.ಮೀ.

ಬೆಂಗಳೂರಿನಲ್ಲಿ 100 ಆಕ್ಟೇನ್ ಪೆಟ್ರೋಲ್ ತುಂಬಿಸಿ ಟ್ಯೂನ್ ಮಾಡಿಸಿ, ಊರಿಗೆ ಬಂದು ಮಾಮೂಲಿ ಪೆಟ್ರೋಲ್ ಹಾಕಿದರೆ ಎಂಜಿನ್ ನಾಕ್ ಆಗಿ (ಪೆಟ್ರೋಲ್ ಒಳಗೆ ತಾನಾಗಿ ಸಿಡಿದು ಬಡಿಯುವುದು) ಪಿಸ್ಟನ್ನಿನ ರಿಂಗ್ ಪಟ್ಟಿ ಒಡೆಯುತ್ತದೆ. ನಿಮ್ಮ ಊರಿನ ಬಂಕಿನಲ್ಲಿ ಸಿಗುವ ಪೆಟ್ರೋಲಿಗೇ ಟ್ಯೂನ್ ಮಾಡಿಸಿ. ಎಥನಾಲ್ ಬೆರೆತಾಗ ಗಾಳಿ-ಇಂಧನದ ಅನುಪಾತದ ಅಂಕಿ ಬದಲಾಗುವುದರಿಂದ ಟ್ಯೂನರ್ ಜೊತೆ ಲ್ಯಾಂಬ್ಡಾದಲ್ಲೇ (ಇಂಧನ ಪೂರ್ತಿ ಉರಿಯಲು ಬೇಕಾದಷ್ಟೇ ಗಾಳಿ ಇದ್ದರೆ 1 ಎನ್ನುವ ಅಳತೆ) ಮಾತಾಡಿ. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ 0.80ರಿಂದ 0.85 ಇರಲಿ, ಟರ್ಬೈನ್‌ಗೆ ಹೋಗುವ ಹೊಗೆ 950 ಡಿಗ್ರಿ ಮೀರದಿರಲಿ. ಹಲವು ಇಸಿಯುಗಳು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್‌ಗಳು) ಒಟ್ಟು ಒತ್ತಡವನ್ನೇ ಗುರಿಯಾಗಿಟ್ಟುಕೊಂಡು ಎತ್ತರದಲ್ಲಿ ಬೂಸ್ಟ್ ತಾವೇ ಏರಿಸುತ್ತವೆ. ಎತ್ತರಕ್ಕೆ ತಕ್ಕ ಮಿತಿ ಹಾಕಿಸದೆ ಕಾರು ತೆಗೆದುಕೊಂಡು ಬರಬೇಡಿ.

ಹಂತ 4: ಆಯಿಲ್, ದೂಳು, ಮಳೆ

ಹೊಸ ಟರ್ಬೊ ಕೆಡುವುದು ಹೆಚ್ಚಾಗಿ ಆಯಿಲ್ ದಾರಿಯಿಂದ. ಆಯಿಲ್ ಬರುವ ಪೈಪ್ ಹೊಸದೇ ಆಗಿರಲಿ, ಹಳೆಯದರಲ್ಲಿ ಕರಕಲು ಕಟ್ಟಿರುತ್ತದೆ. ವಾಪಸ್ ಪೈಪ್ ಒಳಗೆ ಕನಿಷ್ಠ 12.7 ಮಿ.ಮೀ. ಇರಬೇಕು, ಎಲ್ಲೂ ಮೇಲಕ್ಕೆ ಬಾಗದೆ ಸಂಪ್‌ನ (ಎಂಜಿನ್ ತಳದ ಆಯಿಲ್ ತಟ್ಟೆ) ಆಯಿಲ್ ಮಟ್ಟಕ್ಕಿಂತ ಮೇಲೆ ಸೇರಬೇಕು. ಇಲ್ಲದಿದ್ದರೆ ಆಯಿಲ್ ಸೀಲ್ ದಾಟಿ ನೀಲಿ ಹೊಗೆ ಬರುತ್ತದೆ, ತಪ್ಪು ಟರ್ಬೊದ ತಲೆಗೆ ಬರುತ್ತದೆ. ಆಯಿಲ್ ಫ್ಲಾಂಜ್‌ಗೆ ಸಿಲಿಕಾನ್ ಪೇಸ್ಟ್ ಹಚ್ಚಲೇಬೇಡಿ, ಕಿತ್ತುಬಂದ ತುಣುಕು ಬೇರಿಂಗ್ ದಾರಿ ಮುಚ್ಚುತ್ತದೆ. ಬಾಲ್ ಬೇರಿಂಗ್ ಟರ್ಬೊಗೆ ರಿಸ್ಟ್ರಿಕ್ಟರ್ (ಆಯಿಲ್ ಹರಿವು ತಗ್ಗಿಸುವ ಕಿರಿದಾದ ತೂತು) ಬೇಕಾಗಬಹುದು, ಗುಂಡುಗಳಿಲ್ಲದೆ ಆಯಿಲ್ ಪದರದ ಮೇಲೆ ತಿರುಗುವ ಜರ್ನಲ್ ಬೇರಿಂಗ್‌ಗೆ ಸಾಮಾನ್ಯವಾಗಿ ಬೇಡ.

ತೋಟದ ರಸ್ತೆಯ ಕೆಂಪು ದೂಳು ಕಂಪ್ರೆಸರ್ ರೆಕ್ಕೆಯ ಅಂಚನ್ನು ಸವೆಸುತ್ತದೆ. ತೆರೆದ ಕೋನ್ ಫಿಲ್ಟರ್ ಬಿಟ್ಟು ಮುಚ್ಚಿದ ಡಬ್ಬಿಯ ಪೇಪರ್ ಫಿಲ್ಟರ್ ಇಡಿ. ಬಂಪರ್ ಕೆಳಗೆ ಇಳಿಸಿದ ಇನ್‌ಟೇಕ್ ಜೂನ್ ಮಳೆಯಲ್ಲಿ ನೀರು ಎಳೆದು ಕನೆಕ್ಟಿಂಗ್ ರಾಡ್ ಬಗ್ಗಿಸುತ್ತದೆ.

ಸೆಕೆಂಡ್ ಹ್ಯಾಂಡ್ ಟರ್ಬೊ ಕೊಳ್ಳುವುದಾದರೆ ಶಾಫ್ಟ್ ಹಿಡಿದು ನೋಡಿ. ಜರ್ನಲ್ ಬೇರಿಂಗ್‌ನಲ್ಲಿ ಪಕ್ಕಕ್ಕೆ ತುಸು ಆಟ ಸಹಜ. ಹಿಂದಕ್ಕೂ ಮುಂದಕ್ಕೂ ಕೈಗೆ ಗೊತ್ತಾಗುವಷ್ಟು ಆಡಿದರೆ ವಾಪಸ್ ಕೊಡಿ.

ಹಂತ 5: ಮೊದಲ ಸ್ಟಾರ್ಟ್, ಮೊದಲ ಘಟ್ಟ

ಇಂಜೆಕ್ಟರ್ ಕನೆಕ್ಷನ್ ತೆಗೆದು, ವಾಪಸ್ ಪೈಪಿನಲ್ಲಿ ಆಯಿಲ್ ಬರುವವರೆಗೆ ಸೆಲ್ಫ್ ಹೊಡೆಯಿರಿ. ಒಂದೇ ಸಮನೆ ಬೇಡ, ಹತ್ತು ಸೆಕೆಂಡ್ ಹೊಡೆದು ಬಿಡುವು ಕೊಡಿ. ನಂತರ ಸ್ಟಾರ್ಟ್ ಮಾಡಿ ಕೆಲವು ನಿಮಿಷ ಐಡಲ್‌ನಲ್ಲಿಟ್ಟು ಸೋರಿಕೆ ನೋಡಿ.

ವೇಸ್ಟ್‌ಗೇಟ್ (ಹೆಚ್ಚಾದ ಹೊಗೆಯನ್ನು ಟರ್ಬೈನ್ ತಪ್ಪಿಸಿ ಬಿಡುವ ಬಾಗಿಲು) ಸ್ಪ್ರಿಂಗ್‌ನಷ್ಟೇ ಬೂಸ್ಟ್‌ನಲ್ಲಿ, ಎಂಜಿನ್ನಿನ ಅಂಕಿ ದಾಖಲಿಸುವ ಲಾಗರ್ ಹಾಕಿಕೊಂಡು ಸಂಪಾಜೆಯಿಂದ ಮೇಲೆ ಬನ್ನಿ. ಮೇಲಿನ ಗೇರಿನಲ್ಲಿ 1,500 ಆರ್‌ಪಿಎಂನಲ್ಲಿ ಒದ್ದಾಡಿಸಿದರೆ ಚಿಕ್ಕ ಟರ್ಬೊ ಎಂಜಿನ್‌ಗಳಲ್ಲಿ ಪೆಟ್ರೋಲ್ ಕಿಡಿಗೆ ಮೊದಲೇ ಹೊತ್ತಿಕೊಳ್ಳುತ್ತದೆ. ಗೇರ್ ಇಳಿಸಿ ಏರಿಸಿ, ಎಂಜಿನ್ನಿಗೆ ಹೊಂದುವ ಎಪಿಐ ಎಸ್‌ಪಿ ದರ್ಜೆಯ ಆಯಿಲ್ ಬಳಸಿ. ನಾಕ್‌ನಿಂದಾಗಿ ಇಗ್ನಿಶನ್ ಪದೇ ಪದೇ ಹಿಂದಕ್ಕೆ ಸರಿಯುತ್ತಿದ್ದರೆ ಅಥವಾ ಒಳಗಾಳಿಯ ಬಿಸಿ 60 ಡಿಗ್ರಿ ದಾಟುತ್ತಿದ್ದರೆ ಬೂಸ್ಟ್ ಏರಿಸುವ ಮಾತು ಬಿಟ್ಟು ಇಂಟರ್‌ಕೂಲರ್ ಬದಲಿಸಿ. ಘಟ್ಟ ಮುಗಿದ ಮೇಲೆ ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಟ್ಟು ಕೀ ತೆಗೆಯಿರಿ, ಇಲ್ಲವಾದರೆ ಬಿಸಿ ಬೇರಿಂಗ್‌ನಲ್ಲಿ ನಿಂತ ಆಯಿಲ್ ಅಲ್ಲೇ ಕರಕಲಾಗುತ್ತದೆ. 500 ಕಿ.ಮೀ. ಆದ ಮೇಲೆ ಆಯಿಲ್ ಮತ್ತು ಫಿಲ್ಟರ್ ಬದಲಿಸಿ, ತೆಗೆದ ಫಿಲ್ಟರನ್ನು ಕತ್ತರಿಸಿ ನೋಡಿ. ಮಡಿಕೆಗಳಲ್ಲಿ ಮಿನುಗುವ ಲೋಹದ ಚೂರು ಕಂಡರೆ ಕಾರನ್ನು ಮತ್ತೆ ಸ್ಟಾರ್ಟ್ ಮಾಡದೆ ಟರ್ಬೊ ಬಿಚ್ಚಿಸಿ.