ಮಷೀನ್ ಸ್ಟ್ಯಾಂಪು: ಮೈಸೂರಲ್ಲೇ ಕೂತು ಸಂಗ್ರಹಿಸುವುದು ಹೇಗೆ

ದುಡ್ಡು ಕಟ್ಟಿ ಗುಂಡಿ ಒತ್ತಿದರೆ ಕಣ್ಣೆದುರೇ ಬೆಲೆ ಅಚ್ಚಾಗಿ ಹೊರಬರುವ ಅಂಚೆಚೀಟಿಗಳಿವೆ. ಚಿತ್ರವಿರುವ ಕಾಗದದ ಸುರುಳಿ ಮಷೀನಿನೊಳಗೆ ಮೊದಲೇ ಇರುತ್ತದೆ, ಬೆಲೆ ಮಾತ್ರ ನಾವು ಕೇಳಿದಾಗ ಬೀಳುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ 1976ರಲ್ಲಿ ಫ್ರಾಮಾ ಕಂಪನಿಯ ಮಷೀನುಗಳು ಬಂದವು. ಜರ್ಮನಿಯಲ್ಲಿ 1981ರಲ್ಲಿ ಶುರುವಾಯಿತು, ಬ್ರಿಟನ್ನಿನ ‘ಪೋಸ್ಟ್ ಅಂಡ್ ಗೋ’ 2008ರದು.

ಇವನ್ನು ಕೂಡಿಸಲು ನೀವೇ ವಿಮಾನ ಹತ್ತಬೇಕಿಲ್ಲ. ಅಕ್ಕನ ಮಗ ಜರ್ಮನಿಯಲ್ಲಿ ಓದುತ್ತಿರಬಹುದು, ಪಕ್ಕದ ಮನೆಯವರ ಅಳಿಯ ಅಮೆರಿಕದಲ್ಲಿರಬಹುದು. ನಮ್ಮೂರಿನ ಗೋಕುಲಂ ಬಡಾವಣೆಗೆ ಯೋಗ ಕಲಿಯಲು ವಿದೇಶದಿಂದ ಬರುವವರ ಪರಿಚಯವಿದ್ದರೆ ಇನ್ನೂ ಒಳ್ಳೆಯದು, ಊರಿಗೆ ಹೋದ ಮೇಲೆ ಒಂದು ಕಾಗದ ಹಾಕಿ ಎಂದು ಅವರನ್ನೇ ಕೇಳಿ.

ಆದರೆ ಸುಮ್ನೆ ‘ಸ್ಟ್ಯಾಂಪು ತಗೊಂಡು ಬಾ’ ಎಂದರೆ ಕೌಂಟರಿನಲ್ಲಿ ಸಿಗುವ ಚಂದದ ಹಾಳೆ ಬರುತ್ತದೆ, ನಮಗೆ ಬೇಕಾದ್ದು ಬರುವುದಿಲ್ಲ. ಅದಕ್ಕೆ ವಾಟ್ಸಾಪಿನಲ್ಲಿ ಒಂದು ಮಾದರಿ ಫೋಟೋ ಕಳಿಸಿ, ಹೀಗೆ ಬರೆಯಿರಿ: ಮಷೀನಿನಿಂದಲೇ ತಗೋ, ಬೇರೆ ಬೇರೆ ಬೆಲೆಯವು ಎರಡು ಮೂರು ಸಾಕು, ಹಿಂದಿನ ಕಾಗದದಿಂದ ಕೀಳಬೇಡ, ರಸೀದಿ ಎಸೆಯಬೇಡ, ಇನ್ನೊಂದನ್ನು ಲಕೋಟೆಗೆ ಅಂಟಿಸಿ ನಮ್ಮ ವಿಳಾಸಕ್ಕೇ ಪೋಸ್ಟ್ ಮಾಡು. ಅಮೆರಿಕದ ಪೋಸ್ಟಾಫೀಸಿನ ಮಷೀನುಗಳಿಗೆ ನೋಟು ನಡೆಯುವುದಿಲ್ಲ, ಕಾರ್ಡೇ ಬೇಕು, ಅದನ್ನೂ ಮೊದಲೇ ಹೇಳಿಬಿಡಿ.

ಕೈಗೆ ಬಂದ ಮೇಲೆ ಭೂತಗನ್ನಡಿ ಹಿಡಿದು ಸಣ್ಣ ಅಕ್ಷರ ಓದಿ. ಈ ಸಂಗ್ರಹದ ನಿಜವಾದ ಖುಷಿ ಇರುವುದೇ ಅಲ್ಲಿ. ಬ್ರಿಟನ್ನಿನ ಚೀಟಿಯ ಕೆಳಗಿನ ಸಾಲಿನಲ್ಲಿ ಅದು ಯಾವ ಮಷೀನಿನದು ಎಂಬ ಸಂಕೇತವೂ ಖರೀದಿಯ ಸಂಖ್ಯೆಯೂ ಇರುತ್ತವೆ. ಆಸ್ಟ್ರೇಲಿಯಾದ ಹಳೆಯ ಫ್ರಾಮಾ ಚೀಟಿಗಳಲ್ಲಿ ಊರಿನ ಪಿನ್‌ಕೋಡ್ ಇದೆ, 2000 ಎಂದಿದ್ದರೆ ಸಿಡ್ನಿ, 3000 ಎಂದಿದ್ದರೆ ಮೆಲ್ಬರ್ನ್. ಹಾಂಗ್‌ಕಾಂಗಿನ ಹಳೆಯ ಫ್ರಾಮಾ ಚೀಟಿಗಳಲ್ಲಿ 01, 02 ಎಂಬ ಮಷೀನ್ ನಂಬರು. ಜರ್ಮನಿಯವನ್ನು ತಿರುಗಿಸಿಯೂ ನೋಡಿ, ಪ್ರತಿ ಐದನೇ ಚೀಟಿಯ ಬೆನ್ನಿಗೆ ಕ್ರಮಸಂಖ್ಯೆ ಹಾಕಿರುತ್ತಾರೆ, ಹಾಗಾಗಿ ಸಾಲಾಗಿ ಬಂದ ಐದು ಚೀಟಿ ಒಟ್ಟಿಗೆ ಸಿಕ್ಕರೆ ಬೇರೆ ಮಾಡಲೇಬೇಡಿ. ಒಂದೇ ಚಿತ್ರ, ಆದರೂ ಒಂದೊಂದಕ್ಕೂ ಬೇರೆ ಹುಟ್ಟೂರು. ನನಗಂತೂ ಕೌಂಟರಿನ ಬಣ್ಣದ ಚೀಟಿಗಳಿಗಿಂತ ಇವೇ ಜಾಸ್ತಿ ಇಷ್ಟ.

ಕಾಪಾಡುವುದು ಸ್ವಲ್ಪ ಕಷ್ಟದ ಕೆಲಸ. ಈಗಿನ ಬಹಳಷ್ಟು ಮಷೀನುಗಳು ಶಾಖದಿಂದ ಅಚ್ಚು ಹಾಕುತ್ತವೆ, ಎಟಿಎಂ ರಸೀದಿಯ ಹಾಗೆ. ಬಿಸಿಲು ಬಿದ್ದರೆ ಅಕ್ಷರ ಮಾಸುತ್ತದೆ, ಪಿವಿಸಿ ಕವರಿನಲ್ಲಿಟ್ಟರೂ ಮಾಸುತ್ತದೆ. ಬಂದ ದಿನವೇ ಸ್ಕ್ಯಾನ್ ಮಾಡಿ, ರಸೀದಿಯದೂ ಸೇರಿಸಿ. ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಕವರು ಕೇಳಿ ತಗೊಳ್ಳಿ. ಆಲ್ಬಂ ಅನ್ನು ಏಪ್ರಿಲ್ ಬಿಸಿಲಿಗೆ ಕಾಯುವ ಅಟ್ಟದಲ್ಲಿ ಇಡಬೇಡಿ, ಒಳಕೋಣೆಯ ಬೀರುವಿನಲ್ಲಿ ನೆಟ್ಟಗೆ ನಿಲ್ಲಿಸಿ. ಮಳೆಗಾಲಕ್ಕೆ ಒಂದೆರಡು ಸಿಲಿಕಾ ಜೆಲ್ ಪೊಟ್ಟಣ ಹಾಕಿ.

ಲಕೋಟೆ ಮೇಲೆ ಬಂದದ್ದನ್ನು ಹಳೆ ಅಭ್ಯಾಸದಂತೆ ನೀರಿನಲ್ಲಿ ನೆನೆಹಾಕಬೇಡಿ. ಸ್ಟಿಕ್ಕರಿನ ಅಂಟು ನೀರಿಗೆ ಸರಿಯಾಗಿ ಬಿಡುವುದಿಲ್ಲ, ಚೀಟಿಯೇ ಹಾಳಾಗುತ್ತದೆ. ಲಕೋಟೆಯನ್ನು ಇಡಿಯಾಗಿ ಇಟ್ಟುಕೊಳ್ಳಿ, ಜಾಗ ಇಲ್ಲದಿದ್ದರೆ ಠಸ್ಸೆಯೂ ಸೇರುವಂತೆ ಸುತ್ತ ಅಂಚು ಬಿಟ್ಟು ಕತ್ತರಿಸಿ, ಆಲ್ಬಂ ಹಾಳೆಯಲ್ಲಿ ಊರು, ತಾರೀಕು, ಕಳಿಸಿದವರ ಹೆಸರು ಪೆನ್ಸಿಲಿನಲ್ಲಿ ಬರೆದಿಡಿ.