ಜಾಲಿ, ಹುಣಸೆ ಕೊಯ್ಯೋಕೆ ಮಷಿನ್ ತಗೊಳ್ಳೋರಿಗೆ

ಅಡಿಕೆ ಬೇಯ್ಸೋ ಸೀಸನ್ ಹತ್ರ ಬಂತು ಅಂದ್ರೆ ನಮ್ ಕಡೆ ಸೌದೆ ಮಾತು ಶುರು, ಅದ್ರ ಹಿಂದೇನೇ ಚೈನ್ ಸಾ, ಅಂದ್ರೆ ಪೆಟ್ರೋಲಲ್ಲಿ ಓಡೋ ಮರ ಕೊಯ್ಯೋ ಮಷಿನ್ ಮಾತು. ಚನ್ನಗಿರಿ, ಹೊಳಲ್ಕೆರೆ, ಹೊಸದುರ್ಗ, ಎಲ್ಲಿಂದ ಫೋನ್ ಬಂದ್ರೂ ಮೊದ್ಲ ಪ್ರಶ್ನೆ ಒಂದೇ, "ಅಣ್ಣ, ಎಷ್ಟು ಸಿಸಿದು ತಗೊಳ್ಲಿ?" ಸಿಸಿ, ಅಂದ್ರೆ ಎಂಜಿನ್ ಗಾತ್ರ, ಆಮೇಲೆ ನೋಡನ ಕಣಪ್ಪ, ಯಾವ ಮರ ಕೊಯ್ತೀಯ, ದಿನಕ್ಕೆ ಎಷ್ಟು ತಾಸು ಓಡುಸ್ತೀಯ, ಕೆಟ್ರೆ ಎಲ್ಲಿಗೆ ಹೊತ್ಕಂಡು ಹೋಗ್ತೀಯ, ಈ ಮೂರು ಮೊದ್ಲು ಹೇಳು ಅಂತೀನಿ ನಾನು. ಮೂರನೇದಕ್ಕೆ ಉತ್ತರ ಇಲ್ದೆ ಮಷಿನ್ ತಂದೋರೇ ಜಾಸ್ತಿ.

ಮೊದ್ಲು ಮರದ ವಿಷಯ. ಹಸಿ ಸಿಲ್ವರ್ ಓಕ್, ಸುಬಾಬುಲ್, ಮಾವಿನ ಕೊಂಬೆ ಇವುಕ್ಕೆಲ್ಲ ಯಾವ ಮಷಿನ್ ಆದ್ರೂ ನಡಿತೈತೆ, ತಲೆ ಕೆಡಿಸ್ಕಬೇಡ್ರಿ. ಆದ್ರೆ ನಮ್ ಕಡೆ ಸೌದೆ ಅಂದ್ರೆ ಬಳ್ಳಾರಿ ಜಾಲಿ, ಕರಿಜಾಲಿ, ಹುಣಸೆ, ಬೇವು. ಚಳ್ಳಕೆರೆ, ಜಗಳೂರು ಕಡೆ ಕೆರೆ ಅಂಗಳದಾಗೆ ಬೆಳೆದ ಜಾಲಿ ನೋಡಿದ್ದೀರಲ್ಲ, ಬುಡದ ತೊಗಟೆ ಸಂದಿನಾಗೆ ಹೂಳು, ಮರಳು ಕೂತಿರ್ತೈತೆ, ಒಂದು ಬುಡದಿಂದ ನಾಲ್ಕು ಕವಲು, ಎಲ್ಲ ಸೊಟ್ಟ. ಒಣಗಿದ್ಮೇಲಂತೂ ಚೇಗು ಕಲ್ಲಿದ್ದಂಗೆ. ಹುಣಸೆದು ಇನ್ನೊಂದು ತರ, ಎಳೆ ಒಂದರೊಳಗೊಂದು ಹೆಣೆದುಕೊಂಡಿರ್ತೈತೆ, ಅದಕ್ಕೇ ಹಿಂದೆ ಗಾಣಕ್ಕೆಲ್ಲ ಹುಣಸೆ ಹುಡುಕ್ತಿದ್ರು, ಕೊಡಲಿ ಹಾಕಿದ್ರೆ ಕೊಡಲಿನೇ ಸಿಕ್ಕಾಕ್ಕೊಂತೈತೆ, ಸೀಳಲ್ಲ. ಹಳೇ ಮನೆ ಕೆಡವಿದಾಗ ಸಿಗೋ ಕಮರದ ತೊಲೆ ಕೊಯ್ದಿದ್ರೆ ನಿಮಗೇ ಗೊತ್ತು, ನೀರಿಗೆ ಹಾಕಿದ್ರೆ ಮುಳುಗೋ ಮರ ಅದು. ಇಂಥ ಮರಕ್ಕೆ ಬೇಕಾಗಿರೋದು ಸ್ಪೀಡ್ ಅಲ್ಲ, ಒತ್ತಿ ಹಿಡಿದಾಗ ಆರ್‌ಪಿಎಂ ಬೀಳದಂಗೆ ಎಳಿಯೋ ತಾಕತ್ತು.

ನಾನು ಮೊದ್ಲು ಮಾಡಿದ ದಡ್ಡತನ ಹೇಳ್ಬಿಡ್ತೀನಿ. ಮೇಲೆ ದಪ್ಪಕ್ಷರದಲ್ಲಿ 58 ಸಿಸಿ ಅಂತ ಬರೆದಿದ್ದ ಒಂದು ಮಷಿನ್ ತಂದೆ, 22 ಇಂಚು ಬಾರ್ (ಚೈನ್ ಸುತ್ತ ಓಡೋ ಉದ್ದನೆ ಪಟ್ಟಿ), ಅಂಗಡಿಯೋನು "ಇದೇ ಪ್ರೊಫೆಷನಲ್ ಸಾರ್" ಅಂದ. ಬೇವಿಗೆ ಓಡ್ತು. ಒಣಗಿದ ಜಾಲಿ ದಿಮ್ಮಿಗೆ ಬಾರ್ ಪೂರ್ತಿ ಇಳಿಸಿದ್ರೆ ಗುರ್ ಅಂತ ನಿಂತೇ ಹೋಗೋದು. ಎರಡನೇ ಸೀಸನ್ನಿಗೆ ಪಿಸ್ಟನ್ ಹಿಡ್ಕಂತು, ಬಿಚ್ಚಿ ನೋಡಿದ್ರೆ ಸೈಲೆನ್ಸರ್ ಕಡೆ ಪಿಸ್ಟನ್ ಮೈಮೇಲೆ ಉದ್ದುದ್ದ ಗೀರು. ತಪ್ಪು ಮಷಿನ್ನಿಂದಷ್ಟೇ ಅಲ್ಲ, ಆಯಿಲ್ ಲೆಕ್ಕ ನಂದೂ ತಪ್ಪಿತ್ತು, ಅದು ಕೆಳಗೆ ಬರ್ತೈತೆ.

ಸ್ಟಿಕರ್ ಸಿಸಿ ನಂಬಬೇಡ್ರಿ, ಲೆಕ್ಕ ಹಾಕ್ರಿ. ಬೋರ್ (ಸಿಲಿಂಡರ್ ಒಳಗಿನ ಅಗಲ) ಎಷ್ಟು ಎಂಎಂ, ಸ್ಟ್ರೋಕ್ (ಪಿಸ್ಟನ್ ಓಡಾಡೋ ದೂರ) ಎಷ್ಟು ಎಂಎಂ ಅಂತ ಕೇಳ್ರಿ, ಬೋರನ್ನ ಬೋರಿಂದ ಗುಣಿಸಿ, ಸ್ಟ್ರೋಕಿಂದ ಗುಣಿಸಿ, 0.785 ಇಂದ ಗುಣಿಸಿ, ಸಾವಿರದಿಂದ ಭಾಗಿಸ್ರಿ. 45 ಬೋರ್, 32 ಸ್ಟ್ರೋಕ್ ಆದ್ರೆ ಸುಮಾರು 51 ಸಿಸಿ ಬರ್ತೈತೆ, ಅದರ ಮೇಲೆ ಏನೇ ಬರ್ಕಂಡಿರ್ಲಿ. ಅದಕ್ಕಿಂತ ಮುಖ್ಯ ಕಿಲೋವ್ಯಾಟ್, ಅಂದ್ರೆ ಎಂಜಿನ್ ತಾಕತ್ತು. ಸ್ಟಿಲ್ ಕಂಪನಿದೇ ಉದಾಹರಣೆ ತಗೊಂಡ್ರೆ ಎಂಎಸ್ 180 ಅನ್ನೋದು 31.8 ಸಿಸಿ, ಮನೆ ಬಳಕೆಗೆ, ಕೊಂಬೆ ಕತ್ತರಿಸೋಕೆ. ಎಂಎಸ್ 250 ಅನ್ನೋದು 45.4 ಸಿಸಿ, 2.3 ಕಿಲೋವ್ಯಾಟ್, ತೋಟದೋರಿಗೆ ವರ್ಷಕ್ಕೆ ಒಂದೆರಡು ಲೋಡ್ ಸೌದೆಗೆ ಧಾರಾಳ ಸಾಕು. ಎಂಎಸ್ 382 ಅನ್ನೋದು 72.2 ಸಿಸಿ, 3.9 ಕಿಲೋವ್ಯಾಟ್ ಅಂದ್ರೆ ಐದು ಎಚ್‌ಪಿ ಮೇಲೆ, ದಿನಾ ದಿಮ್ಮಿ ಕೊಯ್ಯೋರ ಮಷಿನ್. ಹಸ್ಕ್‌ವರ್ನಾದಲ್ಲೂ 70 ಸಿಸಿ ಕ್ಲಾಸಿಂದು ಸಿಗ್ತೈತೆ, ಅದೂ ಒಳ್ಳೇದೇ. ಎರಡ್ರಲ್ಲಿ ಯಾವುದು ಅಂತ ಜಗಳ ಆಡೋ ಬದ್ಲು ಯಾವುದ್ರ ಸ್ಪೇರ್ ನಿಮ್ ಊರಿಗೆ ಹತ್ರ ಐತೆ ನೋಡ್ರಿ.

ಪ್ರೊಫೆಷನಲ್ ಅಂದ್ರೆ ಏನು ಅನ್ನೋದನ್ನ ಅಂಗಡಿಲೇ ಕಣ್ಣಾರೆ ನೋಡಬೌದು. ಮನೆ ಬಳಕೆ ಮಷಿನ್ನಲ್ಲಿ ಎಂಜಿನ್ ಸಾಮಾನ್ಯವಾಗಿ ಪ್ಲಾಸ್ಟಿಕ್ ಬಾಡಿ ಒಳಗೆ ಕೂತಿರ್ತೈತೆ, ಪ್ರೊಫೆಷನಲ್ ಮಷಿನ್ನಲ್ಲಿ ಕ್ರ್ಯಾಂಕ್ ಕೇಸ್, ಅಂದ್ರೆ ಎಂಜಿನ್ನಿನ ಬುಡದ ಡಬ್ಬಿ, ಮೆಗ್ನೀಸಿಯಂದು, ಸಿಲಿಂಡರ್ ಬೇರೆ ಬಿಚ್ಚಿ ಹಾಕಬೌದು, ಹಂಗಾಗಿ ಹತ್ತು ವರ್ಷ ಆದ್ಮೇಲೂ ರಿಪೇರಿ ಮಾಡಿ ಓಡುಸ್ತಾರೆ. ಚೈನ್ ಟೈಟ್ ಮಾಡೋ ಸ್ಕ್ರೂ ಸೈಡಿಗೆ ಇದ್ರೆ ಒಳ್ಳೇದು, ಮುಂದುಗಡೆ ಇದ್ರೆ ಚೈನಿನ ಹಲ್ಲಿನ ಹತ್ರನೇ ಕೈ ಹಾಕ್ಬೇಕು. ಬಾರಿಗೆ ಹೋಗೋ ಆಯಿಲ್ ಜಾಸ್ತಿ ಕಮ್ಮಿ ಮಾಡೋ ಸ್ಕ್ರೂ ಇರ್ಬೇಕು, ಒಣ ಜಾಲಿಗೆ ಅದನ್ನ ಪೂರ್ತಿ ತಿರುಗಿಸಿಡ್ತೀವಿ. ಹ್ಯಾಂಡಲ್ ಹಿಡಿದು ಅಲ್ಲಾಡಿಸ್ರಿ, ಎಂಜಿನ್ನಿಗೂ ಹ್ಯಾಂಡಲಿಗೂ ಮಧ್ಯೆ ಸ್ಪ್ರಿಂಗ್ ಇದ್ರೆ ಕೈಗೆ ಗೊತ್ತಾಗ್ತೈತೆ. ಅದಿಲ್ದೆ ದಿನಕ್ಕೆ ನಾಲ್ಕು ತಾಸು ಕೊಯ್ದ್ರೆ ರಾತ್ರಿ ಮುದ್ದೆ ಮುರಿಯೋಕೂ ಬೆರಳು ಬಗ್ಗಲ್ಲ, ಸುಳ್ಳಲ್ಲ.

ಇನ್ನ ಬಾರ್. ಉದ್ದ ಇದ್ದಷ್ಟೂ ಗಂಡಸ್ತನ ಅನ್ಕಂಡಿದಾರೆ ನಮ್ ಜನ. 45 ಸಿಸಿ ಮಷಿನ್ನಿಗೆ 16 ಇಂಚು, 50ಕ್ಕೆ 18, 70ಕ್ಕೆ 20 ಇಂಚು ಹಾಕ್ರಿ, ಗಟ್ಟಿ ಮರಕ್ಕೆ ಇಷ್ಟೇ. 20 ಇಂಚಿನಲ್ಲಿ ಎರಡೂ ಕಡೆಯಿಂದ ಕೊಯ್ದ್ರೆ ಮೂರು ಅಡಿ ಬೊಡ್ಡೆ ಇಳಿಸಬೌದು. ಬಾರ್ ಉದ್ದ ಆದಷ್ಟೂ ಎಂಜಿನ್ ಮೇಲೆ ಭಾರ, ಚೂಪು ಮಾಡೋ ಹಲ್ಲೂ ಜಾಸ್ತಿ.

ಚೈನ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ತೀನಿ, ಯಾಕಂದ್ರೆ ಮಷಿನ್ನಿಗೆ ಅಷ್ಟು ದುಡ್ಡು ಹಾಕಿ ಚೈನಿಗೆ ಸಿಕ್ಕಿದ್ದು ಹಾಕ್ಕಂತಾರೆ. ಈ ಚೈನಿನ ಹಲ್ಲು ಕಂಡುಹಿಡಿದಿದ್ದು ಅಮೆರಿಕದ ಜೋಸೆಫ್ ಕಾಕ್ಸ್ ಅನ್ನೋ ಮರ ಕಡಿಯೋನು, ಮರ ಕೊರೆಯೋ ಹುಳು ಎಡಕ್ಕೊಂದ್ಸಲ ಬಲಕ್ಕೊಂದ್ಸಲ ಕಚ್ಚೋದು ನೋಡಿ ಹಲ್ಲನ್ನ ಎಡ ಬಲ ಮಾಡಿದ, 1947ರಲ್ಲಿ ಕಂಪನಿ ಮಾಡಿದ, ಅದೇ ಇವತ್ತಿನ ಒರೆಗಾನ್ ಚೈನ್. ಹಲ್ಲಿನ ಮೂಲೆ ನೋಡ್ರಿ, ಚೌಕ ಮೂಲೆ ಇದ್ರೆ ಫುಲ್ ಚಿಸೆಲ್, ಮೂಲೆ ಸ್ವಲ್ಪ ದುಂಡಗಿದ್ರೆ ಸೆಮಿ ಚಿಸೆಲ್. ಫುಲ್ ಚಿಸೆಲ್ ಹಸಿ, ಕ್ಲೀನ್ ಮರಕ್ಕೆ ಬೆಣ್ಣೆ ಕೊಯ್ದಂಗೆ ಓಡ್ತೈತೆ, ಆದ್ರೆ ಮರಳು ತಗುಲಿದ ತಕ್ಷಣ ಮೂಲೆ ಹೋಯ್ತು. ನಮ್ ಜಾಲಿಗೆ ಸೆಮಿ ಚಿಸೆಲ್ಲೇ ಸರಿ, ಸ್ವಲ್ಪ ನಿಧಾನ, ಚೂಪು ಬಹಳ ಹೊತ್ತು ಇರ್ತೈತೆ.

ಪಿಚ್ ಗೊತ್ತಿಲ್ದೆ ಚೈನ್ ತರೋಕೆ ಹೋಗಬೇಡ್ರಿ. ಪಕ್ಕಪಕ್ಕದ ಮೂರು ರಿವೆಟ್ ಹಿಡಿದು, ಮೊದ್ಲಿಂದ ಮೂರನೇದಕ್ಕೆ ಎಷ್ಟು ಎಂಎಂ ಅಂತ ಅಳತೆ ಮಾಡ್ರಿ, ಅದರ ಅರ್ಧನೇ ಪಿಚ್. ಪೂರ್ತಿ ಅಳತೆ 19 ಬಂದ್ರೆ 3/8 ಇಂಚು ಪಿಚ್, 16.5 ಬಂದ್ರೆ 0.325 ಇಂಚು. ಜೊತೆಗೆ ಕೆಳಗಿನ ಡ್ರೈವ್ ಲಿಂಕ್ (ಬಾರಿನ ಸಂದಿನಾಗೆ ಕೂತು ಓಡೋ ಹಲ್ಲು) ಎಷ್ಟು ಅಂತ ಎಣಿಸಿ ಬರ್ಕಳ್ರಿ, ಬಾರಿನ ಆ ಸಂದಿನ ಅಗಲ 1.3, 1.5, 1.6 ಎಂಎಂ ಯಾವುದು ಅಂತ ಬಾರಿನ ಬುಡದಲ್ಲೇ ಕೊರೆದಿರ್ತಾರೆ. ಅರದ ಸೈಜೂ ಪಿಚ್ ಮೇಲೆ, 0.325ಕ್ಕೆ 4.8 ಎಂಎಂ ದುಂಡನೆ ಅರ, 3/8ಕ್ಕೆ 5.2 ಇಲ್ಲ 5.5, ಚೈನ್ ಪ್ಯಾಕೆಟ್ ಮೇಲೆ ಇರ್ತೈತೆ. 30 ಡಿಗ್ರಿ ಓರೆ ಹಿಡಿದು, ಒಳಗಿಂದ ಹೊರಗೆ ಮಾತ್ರ, ಎಲ್ಲ ಹಲ್ಲಿಗೂ ಅಷ್ಟಷ್ಟೇ ಉಜ್ಜು. ಹಿಂದೆ ಎಳಿವಾಗ ಅರ ಎತ್ತಬೇಕು. ಒಂದು ಕಡೆ ಹಲ್ಲು ಜಾಸ್ತಿ ಉಜ್ಜಿದ್ರೆ ಕೊಯ್ತ ಒಂದು ಕಡೆಗೆ ತಿರುಗಿಕೊಂಡು ಹೋಗ್ತೈತೆ, ಅದಕ್ಕೆ ಬಾರ್ ಬೈಬೇಡ್ರಿ. ಹಲ್ಲಿನ ಮುಂದಿರೋ ಗೂಟ, ಅಂದ್ರೆ ಡೆಪ್ತ್ ಗೇಜ್, ಹಲ್ಲಿಗಿಂತ 0.65 ಎಂಎಂ ತಗ್ಗು ಇರ್ಬೇಕು. ಬೇಗ ಕೊಯ್ಲಿ ಅಂತ ಅದನ್ನ ಜಾಸ್ತಿ ಇಳಿಸಿದೋರು ಇದಾರೆ, ಮಷಿನ್ ಎದೆಗೆ ಒದಿಯೋಕೆ ಬರ್ತೈತೆ. ಚೂಪು ಇದೆಯೋ ಇಲ್ಲೋ ಅಂತ ಕಾಲ ಹತ್ರ ಬಿದ್ದಿರೋದೇ ಹೇಳ್ತೈತೆ, ಚಕ್ಕೆ ಬಿದ್ರೆ ಸರಿ, ರವೆಗಿಂತ ಸಣ್ಣ ಹಿಟ್ಟು ಬಿದ್ರೆ ನಿಲ್ಸಿ ಉಜ್ರಿ. ಒತ್ತಿ ಕೊಯ್ಯೋಕೆ ಹೋದ್ರೆ ಬಾರ್ ನೀಲಿ ಬಣ್ಣಕ್ಕೆ ತಿರುಗ್ತೈತೆ, ಆಮೇಲೆ ಅದು ಗುಜರಿಗೆ.

ಪೆಟ್ರೋಲಿಗೆ ಬೆರೆಸೋ ಆಯಿಲ್ ಲೆಕ್ಕ. ಕಂಪನಿದು ಟು ಸ್ಟ್ರೋಕ್ ಆಯಿಲ್ ಆದ್ರೆ 50ಕ್ಕೆ 1, ಅಂದ್ರೆ ಲೀಟರಿಗೆ 20 ಎಂಎಲ್, ಬೇರೆ ಸಾಧಾರಣ ಟು ಟಿ ಆಯಿಲ್ ಆದ್ರೆ 25ಕ್ಕೆ 1, ಲೀಟರಿಗೆ 40 ಎಂಎಲ್. ನಾನು ಹಳೇ ಮೊಪೆಡ್ ಲೆಕ್ಕದಲ್ಲಿ ಮುಚ್ಚಳದಲ್ಲಿ ಅಂದಾಜು ಸುರೀತಿದ್ದೆ, ಆ ಗೀರು ಬಂದಿದ್ದು ಹಂಗೆ. ಈಗಿನ ಪೆಟ್ರೋಲಲ್ಲಿ ಎಥನಾಲ್ ಐತಲ್ಲ, ಅದು ನೀರು ಹೀರ್ಕಂತೈತೆ, ಮಿಕ್ಸ್ ಮಾಡಿದ್ದು ತಿಂಗಳ ಮೇಲೆ ಇಡಬೇಡ್ರಿ, ಸೀಸನ್ ಮುಗಿದ್ಮೇಲೆ ಟ್ಯಾಂಕ್ ಖಾಲಿ ಮಾಡಿ, ಕಾರ್ಬೊರೇಟರಲ್ಲಿ ಇರೋದು ಮುಗಿಯೋ ತನಕ ಓಡಿಸಿ ನಿಲ್ಸ್ರಿ. ಬಾರಿಗೆ ಟ್ರ್ಯಾಕ್ಟರಿಂದು ಸುಟ್ಟ ಆಯಿಲ್ ಹಾಕೋರು ಬಹಳ, ಅದ್ರಾಗೆ ಲೋಹದ ಪುಡಿ ಇರ್ತೈತೆ, ಪಂಪ್ ತಿಂದಾಕ್ತೈತೆ.

ತಗೊಳ್ಳೋ ದಿನ ಅಂಗಡಿಲೇ ಸ್ಟಾರ್ಟ್ ಮಾಡ್ಸ್ರಿ, ಆಕ್ಸಿಲೇಟರ್ ಬಿಟ್ಟಾಗ ಚೈನ್ ತಿರುಗಬಾರ್ದು. ಬಾರಿನ ತುದಿ ಹಳೇ ಪೇಪರ್ ಕಡೆ ಹಿಡಿದು ಜೋರು ಮಾಡ್ರಿ, ಪೇಪರ್ ಮೇಲೆ ಆಯಿಲ್ ಗೆರೆ ಬಿತ್ತಂದ್ರೆ ಪಂಪ್ ಸರಿ ಐತೆ. ಮುಂದಿನ ಗಾರ್ಡ್ ತಳ್ಳಿದ್ರೆ ಚೈನ್ ಥಟ್ ಅಂತ ನಿಲ್ಬೇಕು. ಆಮೇಲೆ ಅಂಗಡಿಯೋರನ್ನ ಕೇಳ್ರಿ, ಏರ್ ಫಿಲ್ಟರ್, ಸ್ಟಾರ್ಟರ್ ಹಗ್ಗ, ಕ್ಲಚ್ ಡ್ರಮ್ ಈಗ್ಲೇ ಐತಾ ತೋರ್ಸಿ ಅಂತ. "ತರಿಸಿಕೊಡ್ತೀವಿ" ಅಂದ್ರೆ ಅಲ್ಲಿಂದ ಬನ್ನಿ. ದಾವಣಗೆರೆಗೋ ಚಿತ್ರದುರ್ಗಕ್ಕೋ ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ರೆಡಿ ಮಾಡ್ಕಂಡು ಬರಂಗಿರ್ಬೇಕು.

ಹೆಲ್ಮೆಟ್ಟು, ಕಿವಿ ಮುಚ್ಚೋದು, ಶೂ ಇವು ಮಷಿನ್ ಬಿಲ್ಲಿನ ಜೊತೆನೇ ತಗಳ್ರಿ, ಆಮೇಲೆ ಅಂದ್ರೆ ತಗೊಳ್ಳಲ್ಲ. ಬಾರ್ ತುದಿಯ ಮೇಲ್ಭಾಗ ಏನಕ್ಕೂ ತಾಗಬಾರ್ದು, ತಾಗಿದ್ರೆ ಮಷಿನ್ ಮುಖದ ಕಡೆ ಹಾರ್ತೈತೆ. ಜಾಲಿ ಪೊದೆ ಒಳಗೆ ಇದು ಸುಲಭವಾಗಿ ಆಗ್ತೈತೆ, ಅದಕ್ಕೇ ಮೊದ್ಲು ಮಚ್ಚಲ್ಲಿ ಸುತ್ತ ಸವರಿ ದಾರಿ ಮಾಡ್ಕಳ್ರಿ. ಬಳ್ಳಾರಿ ಜಾಲಿ, ನೀಲಗಿರಿ, ಸರ್ವೆ, ಸಿಲ್ವರ್ ಓಕ್‌ಗೆ 1976ರ ಮರ ಸಂರಕ್ಷಣಾ ಕಾಯ್ದೆಯಲ್ಲಿ ವಿನಾಯಿತಿ ಐತೆ, ನಿಮ್ಮದೇ ಹೊಲದ ಹುಣಸೆ, ಬೇವಿಗೆ ಹಂಗಲ್ಲ, ಫಾರೆಸ್ಟ್ ಆಫೀಸಿಗೆ ಅರ್ಜಿ ಹಾಕಿ ಪರ್ಮಿಷನ್ ತಗೊಂಡೇ ಕೊಯ್ರಿ.

ಪರ್ಮಿಷನ್ ಸಿಕ್ಕಿ ಮನೆ ಮುಂದಿನ ಹಳೇ ಹುಣಸೆ ಬೀಳಿಸಿದ್ರೆ, ಎದೆ ಮಟ್ಟದ ತನಕ ತೊಗಟೆ ಕೊಡಲಿಯಲ್ಲಿ ಸುಲಿದು ನೋಡದೆ ಮಷಿನ್ ಇಡಬೇಡ್ರಿ. ಹೋದ ವರ್ಷ ಹೊಸಾ ಚೈನ್ ಹಾಕಿದ ಹತ್ತೇ ನಿಮಿಷಕ್ಕೆ ಕಿಡಿ ಹಾರ್ತು, ಬೆಣೆ ಹೊಡೆದು ಬಿಡಿಸಿ ನೋಡಿದ್ರೆ ಮೂರಿಂಚು ಒಳಗೆ ಹೆಬ್ಬೆರಳು ಗಾತ್ರದ ಕಬ್ಬಿಣದ ಗೂಟ, ಆ ಮನೆ ಅಜ್ಜ ಬಂದು ನೋಡಿ, "ಅಯ್ಯೋ, ನಮ್ಮಪ್ಪ ಎತ್ತು ಕಟ್ಟೋಕೆ ಹೊಡೆದಿದ್ದಲ್ವಾ ಇದು, ಎಲ್ಲೋಯ್ತು ಅಂತಿದ್ದೆ" ಅಂದ್ರು. ಹನ್ನೊಂದು ಹಲ್ಲು ಹೋಗಿದ್ವು.